ಐಇಎಲ್‌ಟಿಎಸ್ ಪರೀಕ್ಷೆಗೆ ಇಂಗ್ಲಿಷ್ ಶಬ್ದಸಂಪತ್ತು

ಐಇಎಲ್‌ಟಿಎಸ್ ಪರೀಕ್ಷೆಗೆ ಬೇಕಾದ ಶಬ್ದಸಂಪತ್ತು ಎಂದರೆ, ಇಂಟರ್‌ನ್ಯಾಷನಲ್ ಇಂಗ್ಲಿಷ್ ಲ್ಯಾಂಗ್ವೇಜ್ ಟೆಸ್ಟಿಂಗ್ ಸಿಸ್ಟಮ್ ಎಂಬ ಭಾಷಾಪ್ರಾವೀಣ್ಯ ಪರೀಕ್ಷೆಯನ್ನು ಬರೆಯುವ ಅಭ್ಯರ್ಥಿಯು ಓದಿ, ಕೇಳಿ ಗ್ರಹಿಸಬಲ್ಲ ಹಾಗೂ ಬರೆದು, ಮಾತನಾಡಿ ಬಳಸಬಲ್ಲ ಇಂಗ್ಲಿಷ್ ಪದಗಳ ಸಮುದಾಯ. ಈ ಪರೀಕ್ಷೆಗೆ ನಿಗದಿತ ಪಠ್ಯಪುಸ್ತಕವಿಲ್ಲ, ಅಧಿಕೃತ ಪದಪಟ್ಟಿಯೂ ಇಲ್ಲ. ಆದ್ದರಿಂದ ಯಾವ ಪದಗಳನ್ನು ಕಲಿಯಬೇಕು, ಎಷ್ಟನ್ನು ಕಲಿಯಬೇಕು, ಹೇಗೆ ಕಲಿಯಬೇಕು ಎಂಬ ಮೂರು ಪ್ರಶ್ನೆಗಳು ಪ್ರತಿಯೊಬ್ಬ ಅಭ್ಯರ್ಥಿಗೂ ಎದುರಾಗುತ್ತವೆ. ವಿದೇಶಗಳಲ್ಲಿ ಉನ್ನತ ಶಿಕ್ಷಣ, ಉದ್ಯೋಗ ಅಥವಾ ವಲಸೆಯನ್ನು ಬಯಸುವ ಕನ್ನಡಿಗರಲ್ಲಿ, ಅದರಲ್ಲೂ ಕನ್ನಡ ಮಾಧ್ಯಮದಲ್ಲಿ ಓದಿ ಬಂದವರಲ್ಲಿ, ಈ ಪ್ರಶ್ನೆಗಳು ಹೆಚ್ಚಿನ ಆತಂಕವನ್ನು ಉಂಟುಮಾಡುತ್ತವೆ.

ಪರೀಕ್ಷೆಯಲ್ಲಿ ಶಬ್ದಸಂಪತ್ತಿನ ಸ್ಥಾನ

ಐಇಎಲ್‌ಟಿಎಸ್ ಪರೀಕ್ಷೆಯು 1989ರಲ್ಲಿ ಈಗಿನ ಹೆಸರಿನಿಂದ ಆರಂಭವಾಯಿತು. ಬ್ರಿಟಿಷ್ ಕೌನ್ಸಿಲ್, ಆಸ್ಟ್ರೇಲಿಯ ಮೂಲದ ಐಡಿಪಿ ಮತ್ತು ಕೇಂಬ್ರಿಜ್ ವಿಶ್ವವಿದ್ಯಾನಿಲಯದ ಪರೀಕ್ಷಾ ವಿಭಾಗ ಇದರ ಒಡೆತನವನ್ನು ಹಂಚಿಕೊಂಡಿವೆ. ಉನ್ನತ ಶಿಕ್ಷಣಕ್ಕಾಗಿ ‘ಅಕಾಡೆಮಿಕ್’, ಉದ್ಯೋಗ ಮತ್ತು ವಲಸೆಗಾಗಿ ‘ಜನರಲ್ ಟ್ರೈನಿಂಗ್’ ಎಂಬ ಎರಡು ಬಗೆಗಳಿವೆ. ಕೇಳುವಿಕೆ, ಓದು, ಬರಹ, ಮಾತು ಎಂಬ ನಾಲ್ಕು ಭಾಗಗಳಿಗೂ 0ಯಿಂದ 9ರವರೆಗಿನ ‘ಬ್ಯಾಂಡ್’ ಎಂಬ ಶ್ರೇಣಿಯನ್ನು ಕೊಡಲಾಗುತ್ತದೆ. ಇಲ್ಲಿ ಉತ್ತೀರ್ಣ, ಅನುತ್ತೀರ್ಣ ಎಂಬುದಿಲ್ಲ. ಎಷ್ಟು ಬ್ಯಾಂಡ್ ಬೇಕೆಂಬುದನ್ನು ಆಯಾ ವಿಶ್ವವಿದ್ಯಾನಿಲಯ ಅಥವಾ ಸಂಸ್ಥೆ ನಿರ್ಧರಿಸುತ್ತದೆ.

ಬರಹ ಮತ್ತು ಮಾತಿನ ಭಾಗಗಳ ಮೌಲ್ಯಮಾಪನಕ್ಕೆ ತಲಾ ನಾಲ್ಕು ಮಾನದಂಡಗಳಿದ್ದು, ಅವುಗಳಲ್ಲಿ ‘ಲೆಕ್ಸಿಕಲ್ ರಿಸೋರ್ಸ್’, ಅಂದರೆ ಶಬ್ದಸಂಪತ್ತು, ಒಂದು. ನಾಲ್ಕಕ್ಕೂ ಸಮಾನ ಪ್ರಾಧಾನ್ಯವಿರುವುದರಿಂದ ಈ ಎರಡು ಭಾಗಗಳ ಅಂಕದಲ್ಲಿ ಕಾಲುಭಾಗ ನೇರವಾಗಿ ಪದಬಳಕೆಗೆ ಸಲ್ಲುತ್ತದೆ. ಮೌಲ್ಯಮಾಪಕರ ಮಾನದಂಡಗಳನ್ನು ಸಾರ್ವಜನಿಕವಾಗಿ ಪ್ರಕಟಿಸಲಾಗಿದೆ. ಅವುಗಳನ್ನು ಓದಿದವರಿಗೆ ಒಂದು ಸಂಗತಿ ಸ್ಪಷ್ಟವಾಗುತ್ತದೆ: ಅಪರೂಪದ ಪದಗಳ ಎಣಿಕೆಗಿಂತ ಪದದ ಖಚಿತತೆಗೆ, ಸಂದರ್ಭದ ಔಚಿತ್ಯಕ್ಕೆ ಮತ್ತು ಪದಗಳ ಪರಸ್ಪರ ಹೊಂದಾಣಿಕೆಗೆ ಅಲ್ಲಿ ಬೆಲೆಯಿದೆ. ಏಳನೆಯ ಬ್ಯಾಂಡಿನ ವಿವರಣೆಯಲ್ಲಿ ಅಷ್ಟಾಗಿ ಬಳಕೆಯಲ್ಲಿಲ್ಲದ ಪದಗಳ ಉಲ್ಲೇಖವಿದೆಯಾದರೂ, ಶೈಲಿಯ ಮತ್ತು ಹೊಂದಾಣಿಕೆಯ ಅರಿವಿನೊಡನೆ ಅವುಗಳನ್ನು ಬಳಸಬೇಕೆಂಬ ಷರತ್ತೂ ಇದೆ. ಪೂರ್ಣವಾಗಿ ಬಾಯಿಪಾಠ ಮಾಡಿ ಬರೆದ ಉತ್ತರವನ್ನು ಅಭ್ಯರ್ಥಿಯ ಸ್ವಂತ ಭಾಷೆಯೆಂದು ಪರಿಗಣಿಸುವುದಿಲ್ಲ.

ಓದಿನ ಭಾಗದಲ್ಲಿ ಶಬ್ದಸಂಪತ್ತಿನ ಪರೀಕ್ಷೆ ಪರೋಕ್ಷವಾಗಿ ನಡೆಯುತ್ತದೆ. ಗದ್ಯಭಾಗದಲ್ಲಿರುವ ಪದ ಪ್ರಶ್ನೆಯಲ್ಲಿ ಅದೇ ರೂಪದಲ್ಲಿ ಇರುವುದು ವಿರಳ. ಗದ್ಯಭಾಗದಲ್ಲಿ ‘ರೇನ್‌ಫಾಲ್’ ಎಂದಿದ್ದರೆ ಪ್ರಶ್ನೆಯಲ್ಲಿ ‘ಪ್ರೆಸಿಪಿಟೇಷನ್’ ಎಂದಿರಬಹುದು. ಸರಿ, ತಪ್ಪು, ಮಾಹಿತಿಯಿಲ್ಲ ಎಂದು ಗುರುತಿಸಬೇಕಾದ ಪ್ರಶ್ನೆಗಳಲ್ಲಿ ‘ಆಲ್’, ‘ಮೋಸ್ಟ್’, ‘ಓನ್ಲಿ’, ‘ರೇರ್ಲಿ’ ಮೊದಲಾದ ಸಣ್ಣ ಪದಗಳೇ ಉತ್ತರವನ್ನು ನಿರ್ಣಯಿಸುತ್ತವೆ. ದೊಡ್ಡ ಪದಗಳ ಬೆನ್ನು ಹತ್ತಿದ ಅಭ್ಯರ್ಥಿಗಳು ಇವುಗಳ ಮೇಲೆ ಕಣ್ಣಾಡಿಸಿ ಮುಂದೆ ಹೋಗುವುದು ಸಾಮಾನ್ಯ.

ಅರ್ಧ ಬ್ಯಾಂಡಿನ ಅಂತರವೂ ಜೀವನದ ದಿಕ್ಕನ್ನು ಬದಲಿಸಬಲ್ಲದು. ಬ್ರಿಟನ್ನಿನ ನರ್ಸಿಂಗ್ ಅಂಡ್ ಮಿಡ್‌ವೈಫರಿ ಕೌನ್ಸಿಲ್ 2018ರ ಡಿಸೆಂಬರ್‌ನಿಂದ ವಿದೇಶಗಳ ದಾದಿಯರಿಗೆ ಓದು, ಕೇಳುವಿಕೆ ಮತ್ತು ಮಾತಿನಲ್ಲಿ ತಲಾ 7, ಬರಹದಲ್ಲಿ 6.5 ಬ್ಯಾಂಡನ್ನು ನಿಗದಿಪಡಿಸಿತು. ಅದಕ್ಕೂ ಮೊದಲು ಬರಹದಲ್ಲಿಯೂ 7 ಬೇಕಾಗಿತ್ತು. ರೋಗಿಯ ಶುಶ್ರೂಷೆಯಲ್ಲಿ ವರ್ಷಗಳ ಅನುಭವವಿರುವ ದಾದಿಯೊಬ್ಬಳಿಗೆ ನಗರ ಸಾರಿಗೆಯ ಕುರಿತ 250 ಪದಗಳ ಪ್ರಬಂಧವೊಂದು ತಡೆಗೋಡೆಯಾಗುವುದು ಈ ಕಾರಣದಿಂದಲೇ. ಆರೋಗ್ಯ ಕ್ಷೇತ್ರದ ಭಾಷೆಯನ್ನೇ ಪರೀಕ್ಷಿಸುವ ಒಇಟಿ ಎಂಬ ಪರ್ಯಾಯ ಪರೀಕ್ಷೆಯನ್ನೂ ಆ ಸಂಸ್ಥೆ ಮಾನ್ಯಮಾಡಿದೆ.

ಎಷ್ಟು ಪದಗಳು ಬೇಕು

ಭಾಷಾಶಾಸ್ತ್ರಜ್ಞರು ಪದಗಳನ್ನು ಒಂದೊಂದಾಗಿ ಎಣಿಸದೆ ‘ಪದಕುಟುಂಬ’ಗಳಾಗಿ ಎಣಿಸುತ್ತಾರೆ. ‘ಅನಲೈಸ್’, ‘ಅನಾಲಿಸಿಸ್’, ‘ಅನಲಿಸ್ಟ್’, ‘ಅನಲಿಟಿಕಲ್’ ಇವೆಲ್ಲ ಸೇರಿ ಒಂದು ಕುಟುಂಬ. ನ್ಯೂಜಿಲೆಂಡಿನ ವಿದ್ವಾಂಸ ಪಾಲ್ ನೇಷನ್ 2006ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಲಿಖಿತ ಪಠ್ಯದ 98 ಪ್ರತಿಶತ ಪದಗಳು ಪರಿಚಿತವಾಗಿರಬೇಕಾದರೆ ಸುಮಾರು 8,000ದಿಂದ 9,000 ಪದಕುಟುಂಬಗಳು ಬೇಕು. ಮಾತಿನ ಗ್ರಹಿಕೆಗೆ 6,000ದಿಂದ 7,000 ಸಾಕು.

98 ಪ್ರತಿಶತ ಎಂಬ ಮಿತಿ ಅತಿಯಾಯಿತೆಂದು ತೋರಬಹುದು. ಲೆಕ್ಕ ಹಾಕಿದರೆ ಹಾಗಲ್ಲ. ಅಕಾಡೆಮಿಕ್ ಓದಿನ ಭಾಗದಲ್ಲಿ ಮೂರು ಗದ್ಯಭಾಗಗಳಿದ್ದು ಅವುಗಳ ಒಟ್ಟು ಉದ್ದ 2,150ರಿಂದ 2,750 ಪದಗಳು. 40 ಪ್ರಶ್ನೆಗಳಿಗೆ 60 ನಿಮಿಷಗಳ ಕಾಲಾವಕಾಶ. 2,500 ಪದಗಳ ಪತ್ರಿಕೆಯಲ್ಲಿ 98 ಪ್ರತಿಶತ ಬಲ್ಲವನಿಗೆ 50 ಪದಗಳು ಅಪರಿಚಿತವಾಗುತ್ತವೆ. 95 ಪ್ರತಿಶತ ಬಲ್ಲವನಿಗೆ ಆ ಸಂಖ್ಯೆ 125, ಅಂದರೆ ಸರಿಸುಮಾರು ಎರಡು ಸಾಲಿಗೊಂದು. ಅಪರಿಚಿತ ಪದದ ಅರ್ಥವನ್ನು ಅಕ್ಕಪಕ್ಕದ ಪದಗಳಿಂದ ಊಹಿಸಿರೆಂಬ ಸಲಹೆ ಎಲ್ಲೆಡೆಯೂ ಕೇಳಿಬರುತ್ತದೆ. ಆದರೆ ಅಕ್ಕಪಕ್ಕದ ಪದಗಳೂ ಗೊತ್ತಿಲ್ಲದಿದ್ದಾಗ ಊಹೆಗೆ ಆಧಾರವೇ ಇರುವುದಿಲ್ಲ.

ಪದಪಟ್ಟಿಗಳು

ಕಲಿಯುವವರಿಗಾಗಿ ಉಪಯುಕ್ತ ಪದಗಳನ್ನು ಆಯ್ದು ಪಟ್ಟಿಮಾಡುವ ಪದ್ಧತಿಗೆ ನೂರು ವರ್ಷಗಳ ಇತಿಹಾಸವಿದೆ. ಅಮೆರಿಕದ ಎಡ್ವರ್ಡ್ ಥಾರ್ನ್‌ಡೈಕ್ 1921ರಲ್ಲಿ, ಬಳಕೆಯ ಆವರ್ತನವನ್ನು ಎಣಿಸಿ, 10,000 ಪದಗಳ ಪಟ್ಟಿಯೊಂದನ್ನು ಶಿಕ್ಷಕರಿಗಾಗಿ ಪ್ರಕಟಿಸಿದನು. ಮೈಕೆಲ್ ವೆಸ್ಟ್ ಸಂಪಾದಿಸಿದ ‘ಜನರಲ್ ಸರ್ವಿಸ್ ಲಿಸ್ಟ್’ 1953ರಲ್ಲಿ ಹೊರಬಂದಿತು. ಇದರಲ್ಲಿ ಸುಮಾರು 2,000 ಮುಖ್ಯಪದಗಳಿವೆ. ವೆಸ್ಟ್ ಭಾರತೀಯ ಶಿಕ್ಷಣ ಸೇವೆಯಲ್ಲಿದ್ದು ಅವಿಭಜಿತ ಬಂಗಾಳದ ಢಾಕಾದಲ್ಲಿ ಶಿಕ್ಷಕರ ತರಬೇತಿ ಕಾಲೇಜಿನ ಪ್ರಾಂಶುಪಾಲನಾಗಿದ್ದವನು. ಬಂಗಾಳಿ ಮಕ್ಕಳು ಇಂಗ್ಲಿಷ್ ಓದುವಾಗ ಪುಟಪುಟಕ್ಕೂ ಕಠಿಣ ಪದಗಳನ್ನು ಎಡವುತ್ತಿದ್ದುದನ್ನು ಕಂಡು, ಸೀಮಿತ ಪದಗಳಲ್ಲಿಯೇ ಬರೆದ ವಾಚಕಗಳನ್ನು ಅವನು ರಚಿಸಿದನು. ಇಂದು ಜಗತ್ತಿನಾದ್ಯಂತ ಬಳಕೆಯಲ್ಲಿರುವ ಪದನಿಯಂತ್ರಿತ ಓದುಪುಸ್ತಕಗಳ ಬೇರುಗಳಲ್ಲೊಂದು ಹೀಗೆ ಈ ಉಪಖಂಡದ ತರಗತಿಯ ಕೊಠಡಿಯಲ್ಲಿದೆ.

ಐಇಎಲ್‌ಟಿಎಸ್ ಅಭ್ಯರ್ಥಿಗಳಿಗೆ ಇನ್ನೂ ಹತ್ತಿರವಾದುದು ‘ಅಕಾಡೆಮಿಕ್ ವರ್ಡ್ ಲಿಸ್ಟ್’. ನ್ಯೂಜಿಲೆಂಡಿನ ವೆಲಿಂಗ್ಟನ್‌ನಲ್ಲಿರುವ ವಿಕ್ಟೋರಿಯ ವಿಶ್ವವಿದ್ಯಾನಿಲಯದ ಏವರಿಲ್ ಕಾಕ್ಸ್‌ಹೆಡ್ ಇದನ್ನು 2000ದಲ್ಲಿ ಪ್ರಕಟಿಸಿದರು. ಕಲೆ, ವಾಣಿಜ್ಯ, ಕಾನೂನು ಮತ್ತು ವಿಜ್ಞಾನ ವಿಷಯಗಳ ಸುಮಾರು 35 ಲಕ್ಷ ಪದಗಳ ಬರಹಗಳನ್ನು ಪರಿಶೀಲಿಸಿ, ಎಲ್ಲ ಶಾಸ್ತ್ರಗಳಲ್ಲಿಯೂ ಮತ್ತೆ ಮತ್ತೆ ಬರುವ, ಆದರೆ ವೆಸ್ಟ್‌ನ ಪಟ್ಟಿಯಲ್ಲಿಲ್ಲದ 570 ಪದಕುಟುಂಬಗಳನ್ನು ಅವರು ಆಯ್ದರು. ‘ಅಪ್ರೋಚ್’, ‘ಕಾನ್ಸೆಪ್ಟ್’, ‘ಎವಿಡೆನ್ಸ್’, ‘ಸಿಗ್ನಿಫಿಕಂಟ್’ ಮುಂತಾದವು ಇದರಲ್ಲಿವೆ. ಶಾಸ್ತ್ರೀಯ ಬರಹಗಳಲ್ಲಿ ವೆಸ್ಟ್‌ನ 2,000 ಕುಟುಂಬಗಳು ಸುಮಾರು 76 ಪ್ರತಿಶತವನ್ನೂ ಈ 570 ಕುಟುಂಬಗಳು ಸುಮಾರು 10 ಪ್ರತಿಶತವನ್ನೂ ಆವರಿಸುತ್ತವೆ. ಕಥೆ ಕಾದಂಬರಿಗಳಲ್ಲಿ ಇದೇ 570ರ ಪಾಲು 2 ಪ್ರತಿಶತಕ್ಕಿಂತಲೂ ಕಡಮೆ. ಕಾದಂಬರಿಗಳನ್ನಷ್ಟೇ ಓದಿ ಇಂಗ್ಲಿಷ್ ಕಲಿತವರು ಈ ಪರೀಕ್ಷೆಯ ಗದ್ಯಭಾಗಗಳಲ್ಲಿ ತಡವರಿಸುವುದಕ್ಕೆ ಇದೊಂದು ಕಾರಣ.

ಪದಗಳ ಸಾಂಗತ್ಯ

ಪದವೊಂದರ ಕನ್ನಡ ಅರ್ಥ ಗೊತ್ತಿದ್ದ ಮಾತ್ರಕ್ಕೆ ಆ ಪದ ಗೊತ್ತಾದಂತಲ್ಲ. ಯಾವ ಪದ ಯಾವುದರೊಡನೆ ಕೂಡಿಬರುತ್ತದೆಂಬುದನ್ನು ಪದಸಾಂಗತ್ಯ ಅಥವಾ ‘ಕಾಲೊಕೇಷನ್’ ಎನ್ನುತ್ತಾರೆ. ಕನ್ನಡದಲ್ಲಿ ‘ಕಡುಬಡತನ’, ‘ಗಾಢನಿದ್ರೆ’ ಎನ್ನುತ್ತೇವೆಯೇ ಹೊರತು ‘ಗಾಢಬಡತನ’, ‘ಕಡುನಿದ್ರೆ’ ಎನ್ನುವುದಿಲ್ಲ. ಇದಕ್ಕೆ ವ್ಯಾಕರಣದಲ್ಲಿ ನಿಯಮವಿಲ್ಲ, ರೂಢಿಯೇ ನಿಯಮ. ಅಂತೆಯೇ ಇಂಗ್ಲಿಷಿನಲ್ಲಿ ಮಳೆ ‘ಹೆವಿ’, ಗಾಳಿ ‘ಸ್ಟ್ರಾಂಗ್’. ಎರಡಕ್ಕೂ ಕನ್ನಡದಲ್ಲಿ ‘ಜೋರು’ ಎಂಬ ಒಂದೇ ಪದ ಸಾಕಾಗುವುದರಿಂದ ಕನ್ನಡಿಗರು ಇಲ್ಲಿ ಎಡವುತ್ತಾರೆ.

ಕ್ರಿಯಾಪದಗಳ ಮಟ್ಟಿಗೆ ಈ ತೊಡಕು ಇನ್ನೂ ದೊಡ್ಡದು. ಕನ್ನಡದ ‘ಮಾಡು’ ಎಂಬ ಕ್ರಿಯಾಪದ ನಾಮಪದಗಳೊಡನೆ ಸೇರಿ ಅಸಂಖ್ಯ ಕ್ರಿಯೆಗಳನ್ನು ಸೂಚಿಸುತ್ತದೆ. ಇಂಗ್ಲಿಷಿನಲ್ಲಿ ಅವು ಬೇರೆ ಬೇರೆ ಕ್ರಿಯಾಪದಗಳಿಗೆ ಹಂಚಿಹೋಗುತ್ತವೆ. ತಪ್ಪು ಮಾಡುವುದಕ್ಕೆ ‘ಮೇಕ್’, ಮನೆಪಾಠ ಮಾಡುವುದಕ್ಕೆ ‘ಡು’, ಊಟ ಮಾಡುವುದಕ್ಕೆ ‘ಹ್ಯಾವ್’, ಅಪರಾಧ ಮಾಡುವುದಕ್ಕೆ ‘ಕಮಿಟ್’, ಸಂಶೋಧನೆ ಮಾಡುವುದಕ್ಕೆ ‘ಕಂಡಕ್ಟ್’ ಅಥವಾ ‘ಕ್ಯಾರಿ ಔಟ್’. ‘ಹಾಕು’ ಎಂಬುದೂ ಇಂಥದೇ. ಬೀಗ ಹಾಕು, ಸಹಿ ಹಾಕು, ದೀಪ ಹಾಕು, ಅಂಗಿ ಹಾಕು, ಗಿಡಕ್ಕೆ ನೀರು ಹಾಕು ಎಂಬ ಐದಕ್ಕೂ ಇಂಗ್ಲಿಷಿನಲ್ಲಿ ಐದು ಕ್ರಿಯಾಪದಗಳು ಬೇಕು. ಅವುಗಳಲ್ಲಿ ಅಂಗಿಯ ವಿಷಯದಲ್ಲಿ ಮಾತ್ರ ‘ಪುಟ್ ಆನ್’ ಎಂಬುದು ಮೂಲಾರ್ಥಕ್ಕೆ ಹತ್ತಿರವಾಗಿದೆ. ‘ಕೇಳು’ ಎಂಬ ಒಂದೇ ಪದ ಪ್ರಶ್ನೆ ಕೇಳುವಲ್ಲಿ ‘ಆಸ್ಕ್’, ಸದ್ದು ಕೇಳುವಲ್ಲಿ ‘ಹಿಯರ್’, ಮನಸ್ಸಿಟ್ಟು ಕೇಳುವಲ್ಲಿ ‘ಲಿಸನ್’ ಆಗುತ್ತದೆ. ಹೀಗಿರುವುದರಿಂದ ಪದವನ್ನು ಒಂಟಿಯಾಗಿ ಬರೆದಿಡದೆ ಅದರ ಸಂಗಾತಿಯೊಡನೆ ಬರೆದಿಡುವುದು ಮೇಲು. ‘ಡಿಸಿಷನ್: ನಿರ್ಧಾರ’ ಎಂದು ಬರೆದವನಿಗಿಂತ ‘ಮೇಕ್ ಎ ಡಿಸಿಷನ್’ ಎಂದು ಬರೆದವನಿಗೆ ಪರೀಕ್ಷೆಯ ದಿನ ಹೆಚ್ಚಿನ ಪ್ರಯೋಜನವುಂಟು.

ಸಮಾನಾರ್ಥಕ ಪದಗಳೆಂದು ಪಟ್ಟಿಗಳಲ್ಲಿ ಕೊಡುವ ಪದಗಳು ಎಲ್ಲ ಸಂದರ್ಭಗಳಲ್ಲಿಯೂ ಸಮಾನವಲ್ಲ. ‘ಥಿನ್’, ‘ಸ್ಲಿಮ್’, ‘ಸ್ಕಿನ್ನಿ’ ಮೂರಕ್ಕೂ ನಿಘಂಟು ‘ತೆಳ್ಳಗಿನ’ ಎಂದೇ ಅರ್ಥ ಕೊಟ್ಟರೂ ಎರಡನೆಯದು ಮೆಚ್ಚುಗೆ, ಮೂರನೆಯದು ಹಳಿಕೆ. ಅಂಕಿಅಂಶಗಳ ನಕ್ಷೆಯನ್ನು ವಿವರಿಸುವ ಅಕಾಡೆಮಿಕ್ ಬರಹದ ಮೊದಲ ಪ್ರಶ್ನೆಯಲ್ಲಿ ಈ ದೋಷ ಎದ್ದುಕಾಣುತ್ತದೆ. ‘ಪ್ಲಂಜ್’ ಎಂದರೆ ಒಮ್ಮೆಲೇ ಕುಸಿಯುವುದು. ಹತ್ತು ವರ್ಷಗಳಲ್ಲಿ ನಾಲ್ಕು ಪ್ರತಿಶತ ಇಳಿದುದಕ್ಕೆ ಆ ಪದವನ್ನು ಬಳಸಿದರೆ ಶಬ್ದಸಂಪತ್ತು ಮೆರೆಯುವುದಿಲ್ಲ, ನಕ್ಷೆಯನ್ನು ತಪ್ಪಾಗಿ ಓದಿದಂತಾಗುತ್ತದೆ. ಅಲ್ಲಿ ‘ಫಾಲ್ ಸ್ಲೈಟ್ಲಿ’ ಎಂಬ ಸಾದಾ ಮಾತೇ ಸರಿ.

ಕನ್ನಡದಲ್ಲಿ ಬೇರೂರಿದ ಇಂಗ್ಲಿಷ್ ಪದಗಳು

ಕನ್ನಡಿಗರು ದಿನನಿತ್ಯ ನೂರಾರು ಇಂಗ್ಲಿಷ್ ಪದಗಳನ್ನು ಬಳಸುತ್ತಾರೆ. ಬಹುಪಾಲು ಪದಗಳು ಪರೀಕ್ಷೆಗೂ ಸಲ್ಲುತ್ತವೆ. ಆದರೆ ಕೆಲವು ಪದಗಳು ಇಲ್ಲಿ ಹೊಸ ಅರ್ಥವನ್ನು ಪಡೆದಿವೆ. ಕರ್ನಾಟಕದಲ್ಲಿ ‘ಹೋಟೆಲ್’ ಎಂದರೆ ತಿಂಡಿ ಊಟ ದೊರೆಯುವ ಸ್ಥಳ. ಹೊರಗಿನವರಿಗೆ ಅದು ತಂಗುವ ಸ್ಥಳ, ಊಟದ ಸ್ಥಳ ‘ರೆಸ್ಟೋರೆಂಟ್’. ಮನೆ ಕಟ್ಟಲು ಕೊಂಡ ನಿವೇಶನ ನಮಗೆ ‘ಸೈಟು’, ಅವರಿಗೆ ‘ಪ್ಲಾಟ್’. ‘ಪೆಟ್ರೋಲ್ ಬಂಕ್’ ಎಂಬುದು ಬ್ರಿಟನ್ನಿನಲ್ಲಿ ‘ಪೆಟ್ರೋಲ್ ಸ್ಟೇಷನ್’. ‘ಬಂಕ್’ ಎಂದರೆ ಅಲ್ಲಿ ಒಂದರ ಮೇಲೊಂದಿರುವ ಮಲಗುವ ಮಂಚ. ‘ನನ್ನ ನೇಟಿವ್ ಹಾಸನ’ ಎಂಬ ಮಾತಿನ ‘ನೇಟಿವ್’ ಬದಲು ‘ಹೋಮ್‌ಟೌನ್’ ಎನ್ನಬೇಕು. ಮಾತಿನ ಪರೀಕ್ಷೆಯ ಮೊದಲ ಭಾಗದಲ್ಲಿ ಸ್ವಂತ ಊರಿನ ಪ್ರಸ್ತಾಪ ಬರುವುದು ಸಾಮಾನ್ಯವಾದ್ದರಿಂದ ಇದು ಕ್ಷುಲ್ಲಕ ವಿಷಯವಲ್ಲ.

ಬಂಧುವಾಚಕಗಳ ವಿಷಯ ಸ್ವಾರಸ್ಯಕರವಾಗಿದೆ. ಓರಗಿತ್ತಿಗೆ ‘ಕೋ-ಸಿಸ್ಟರ್’, ಷಡ್ಡಕನಿಗೆ ‘ಕೋ-ಬ್ರದರ್’, ಚಿಕ್ಕಪ್ಪನ ಮಗನಿಗೆ ‘ಕಸಿನ್ ಬ್ರದರ್’ ಎಂಬ ಪದಗಳನ್ನು ದಕ್ಷಿಣ ಭಾರತೀಯರು ತಮ್ಮ ಅಗತ್ಯಕ್ಕೆ ತಕ್ಕಂತೆ ಸೃಷ್ಟಿಸಿಕೊಂಡಿದ್ದಾರೆ. ಇಂಗ್ಲಿಷಿಗೆ ಈ ಸಂಬಂಧಗಳಿಗೆ ಪ್ರತ್ಯೇಕ ಪದಗಳೇ ಇಲ್ಲದಿರುವುದು ಆ ಭಾಷೆಯ ಕೊರತೆಯೇ ಹೊರತು ಅಭ್ಯರ್ಥಿಯದಲ್ಲ. ಪರೀಕ್ಷೆಯಲ್ಲಿ ‘ಗಂಡನ ತಮ್ಮನ ಹೆಂಡತಿ’ ಎಂದು ಬಿಡಿಸಿ ಹೇಳಿದರಾಯಿತು. ಗೊತ್ತಿಲ್ಲದ ಪದವನ್ನು ಗೊತ್ತಿರುವ ಪದಗಳಿಂದ ವಿವರಿಸುವ ಸಾಮರ್ಥ್ಯಕ್ಕೆ ಮಾತಿನ ಮೌಲ್ಯಮಾಪನದಲ್ಲಿ ಮಾನ್ಯತೆಯಿದೆ. ಅಜ್ಜಿಯ ಮನೆಯ ಒನಕೆಯ ಬಗ್ಗೆ ಮಾತನಾಡುವಾಗ ಅದರ ಇಂಗ್ಲಿಷ್ ಹೆಸರು ತಿಳಿಯದೆ ಸುಮ್ಮನಾಗುವುದಕ್ಕಿಂತ, ‘ಧಾನ್ಯ ಕುಟ್ಟುವ ಉದ್ದನೆಯ ಮರದ ದಿಮ್ಮಿ’ ಎಂಬ ಅರ್ಥ ಬರುವಂತೆ ಸರಳ ಇಂಗ್ಲಿಷಿನಲ್ಲಿ ಹೇಳುವುದು ಒಳ್ಳೆಯದು.

ಕನ್ನಡ ಮಾಧ್ಯಮದವರ ಅನುಕೂಲ

ಕನ್ನಡ ಮಾಧ್ಯಮದ ವಿದ್ಯಾರ್ಥಿಗೆ ಶಬ್ದಸಂಪತ್ತು ಕಡಮೆಯೆಂಬುದು ಅರ್ಧಸತ್ಯ. ಅವನಿಗೆ ಪರಿಕಲ್ಪನೆಗಳು ಗೊತ್ತಿವೆ, ಅವುಗಳ ಇಂಗ್ಲಿಷ್ ಹೆಸರುಗಳು ಮಾತ್ರ ಗೊತ್ತಿಲ್ಲ. ‘ದ್ಯುತಿಸಂಶ್ಲೇಷಣೆ’ಯನ್ನು ಚಿತ್ರಸಹಿತ ಬರೆಯಬಲ್ಲವನಿಗೆ ‘ಫೋಟೋಸಿಂಥೆಸಿಸ್’ ಹೊಸ ವಿಷಯವಲ್ಲ. ‘ದ್ಯುತಿ’ ಎಂದರೂ ಬೆಳಕು, ಗ್ರೀಕಿನಿಂದ ಬಂದ ‘ಫೋಟೋ’ ಎಂದರೂ ಬೆಳಕು. ‘ಸಂಶ್ಲೇಷಣೆ’ ಎಂದರೆ ಕೂಡಿಸುವಿಕೆ, ‘ಸಿಂಥೆಸಿಸ್’ ಎಂದರೂ ಅದೇ. ಸಂಸ್ಕೃತದ ಉಪಸರ್ಗಗಳ ಪರಿಚಯವಿರುವವರಿಗೆ ಇಂಗ್ಲಿಷಿನ ಪೂರ್ವಪ್ರತ್ಯಯಗಳು ಬೇಗ ಒಗ್ಗುತ್ತವೆ. ‘ಅಂತರ’ ಇರುವಲ್ಲಿ ‘ಇಂಟರ್’, ‘ಪುನರ್’ ಇರುವಲ್ಲಿ ‘ರಿ’, ‘ಉಪ’ ಇರುವಲ್ಲಿ ‘ಸಬ್’, ‘ಬಹು’ ಇರುವಲ್ಲಿ ‘ಮಲ್ಟಿ’. ಉಪಸಮಿತಿಗೆ ‘ಸಬ್‌ಕಮಿಟಿ’, ಪುನರ್‌ರಚನೆಗೆ ‘ರೀಕನ್ಸ್ಟ್ರಕ್ಷನ್’. ಪ್ರೌಢಶಾಲೆಯಲ್ಲಿ ಸಮಾಸ, ಸಂಧಿಗಳನ್ನು ಬಿಡಿಸಿ ಕಲಿತ ಅಭ್ಯಾಸ ಇಲ್ಲಿ ಅನಿರೀಕ್ಷಿತವಾಗಿ ಉಪಯೋಗಕ್ಕೆ ಬರುತ್ತದೆ. ಹೋಲಿಕೆ ಎಲ್ಲೆಡೆಯೂ ನಿಲ್ಲುವುದಿಲ್ಲವಾದರೂ ಮೊದಲ ಹೆಜ್ಜೆಗೆ ಸಾಕು.

ಕಾಗುಣಿತ ಮತ್ತು ಉಚ್ಚಾರಣೆ

ಕನ್ನಡದಲ್ಲಿ ನುಡಿದಂತೆ ಬರೆಯುತ್ತೇವೆ, ಬರೆದಂತೆ ಓದುತ್ತೇವೆ. ಇಂಗ್ಲಿಷಿನಲ್ಲಿ ಹಾಗಲ್ಲ. ಕೇಳುವಿಕೆಯ ಭಾಗದಲ್ಲಿ ಉತ್ತರದ ಕಾಗುಣಿತ ತಪ್ಪಿದರೆ ಅಂಕವಿಲ್ಲ. ‘ರಿಸೀಟ್’ ಎಂಬಲ್ಲಿ ‘ಪಿ’, ‘ಡೆಟ್’ ಎಂಬಲ್ಲಿ ‘ಬಿ’, ‘ಗವರ್ನ್‌ಮೆಂಟ್’ ಎಂಬಲ್ಲಿ ನಡುವಿನ ‘ಎನ್’ ಕಿವಿಗೆ ಬೀಳುವುದಿಲ್ಲ ಅಥವಾ ಬಿದ್ದರೂ ಅಸ್ಪಷ್ಟ. ‘ಅಕಾಮಡೇಷನ್’ ಪದದಲ್ಲಿ ಎರಡು ‘ಸಿ’, ಎರಡು ‘ಎಂ’ ಇರುವುದನ್ನು ಮರೆಯುವವರು ಇಂಗ್ಲಿಷ್ ಮಾಧ್ಯಮದಲ್ಲಿಯೂ ಕಡಮೆಯಿಲ್ಲ. ಬ್ರಿಟಿಷ್ ಮತ್ತು ಅಮೆರಿಕನ್ ಕಾಗುಣಿತಗಳೆರಡನ್ನೂ ಒಪ್ಪಲಾಗುತ್ತದೆ.

ಬಸ್ ನಿಲ್ದಾಣಗಳಲ್ಲಿ ಮಾರಾಟವಾಗುವ ಇಂಗ್ಲಿಷ್ ಕಲಿಕೆಯ ಕೈಪಿಡಿಗಳು ಪದಗಳ ಉಚ್ಚಾರಣೆಯನ್ನು ಕನ್ನಡ ಲಿಪಿಯಲ್ಲಿ ಕೊಡುತ್ತವೆ. ಆರಂಭಕ್ಕೆ ಇದು ನೆರವಾಗುತ್ತದೆ, ಈ ಮಟ್ಟದ ಪರೀಕ್ಷೆಗೆ ಅಡ್ಡಿಯಾಗುತ್ತದೆ. ಇಂಗ್ಲಿಷಿನ ಎರಡು ಭಿನ್ನ ಧ್ವನಿಗಳಿಗೆ ಕನ್ನಡದಲ್ಲಿ ‘ವ’ ಎಂಬ ಒಂದೇ ಅಕ್ಷರವಿದೆ. ಪಶ್ಚಿಮ ದಿಕ್ಕೂ ಒಳ ಅಂಗಿಯೂ ‘ವೆಸ್ಟ್’ ಎಂದೇ ಆಗುತ್ತವೆ. ಯಾವ ಉಚ್ಚಾರಾಂಶವನ್ನು ಒತ್ತಿ ಹೇಳಬೇಕೆಂಬುದನ್ನೂ ಲಿಪಿ ತೋರಿಸಲಾರದು. ‘ಫೋಟೋಗ್ರಾಫ್’ ಪದದಲ್ಲಿ ಒತ್ತು ಮೊದಲ ಅಂಶದ ಮೇಲೆ, ‘ಫೋಟಾಗ್ರಫಿ’ಯಲ್ಲಿ ಎರಡನೆಯದರ ಮೇಲೆ, ‘ಫೋಟೋಗ್ರಾಫಿಕ್’ ಎಂಬಲ್ಲಿ ಮೂರನೆಯದರ ಮೇಲೆ. ಕಣ್ಣಿಗೆ ಪರಿಚಿತವಾದ ಪದ ಕಿವಿಗೆ ಅಪರಿಚಿತವಾಗುವುದು ಹೀಗೆ. ಹೊಸ ಪದವನ್ನು ಕಲಿತ ದಿನವೇ ನಿಘಂಟಿನ ಧ್ವನಿಮುದ್ರಿಕೆಯಲ್ಲಿ ಕೇಳಿಸಿಕೊಳ್ಳುವುದು ಇದಕ್ಕೆ ಪರಿಹಾರ.

ನೆನಪು ಮತ್ತು ಪುನರಾವರ್ತನೆ

ಜರ್ಮನಿಯ ಹೆರ್ಮನ್ ಎಬ್ಬಿಂಗ್‌ಹೌಸ್ ಅರ್ಥವಿಲ್ಲದ ಅಕ್ಷರಪುಂಜಗಳನ್ನು ತಾನೇ ಬಾಯಿಪಾಠ ಮಾಡಿ, ಮರೆವಿನ ಗತಿಯನ್ನು ಅಳೆದು 1885ರಲ್ಲಿ ಪ್ರಕಟಿಸಿದನು. ಕಲಿತದ್ದರಲ್ಲಿ ಬಹುಪಾಲು ಮೊದಲ ಗಂಟೆಗಳಲ್ಲಿ, ಮೊದಲ ದಿನಗಳಲ್ಲಿಯೇ ಜಾರಿಹೋಗುತ್ತದೆ. ಉಳಿದದ್ದು ನಿಧಾನವಾಗಿ ಕರಗುತ್ತದೆ. ಹೀಗಾಗಿ ಒಂದೇ ದಿನ ಹತ್ತು ಬಾರಿ ಉರುಹೊಡೆಯುವುದಕ್ಕಿಂತ ಮರುದಿನ, ಮೂರನೆಯ ದಿನ, ವಾರದ ಬಳಿಕ, ತಿಂಗಳ ಬಳಿಕ ಒಮ್ಮೊಮ್ಮೆ ನೆನೆಯುವುದು ಫಲಕಾರಿ. ಸೆಬಾಸ್ಟಿಯನ್ ಲೈಟ್ನರ್ 1972ರಲ್ಲಿ ಇದಕ್ಕಾಗಿ ಚೀಟಿಗಳ ಪೆಟ್ಟಿಗೆಯ ವಿಧಾನವನ್ನು ಸೂಚಿಸಿದನು. ನೆನಪಾದ ಚೀಟಿ ಮುಂದಿನ ಖಾನೆಗೆ ಹೋಗುತ್ತದೆ, ಮರೆತದ್ದು ಮೊದಲ ಖಾನೆಗೆ ಮರಳುತ್ತದೆ. 2006ರಿಂದ ಲಭ್ಯವಿರುವ ‘ಆಂಕಿ’ ಎಂಬ ತಂತ್ರಾಂಶ ಇದೇ ತತ್ತ್ವದ ಮೇಲೆ ಕೆಲಸ ಮಾಡುತ್ತದೆ. ತಂತ್ರಾಂಶವಿಲ್ಲದವರಿಗೆ ಹಳೆಯ ಲಗ್ನಪತ್ರಿಕೆಗಳ ಬೆನ್ನನ್ನು ಕತ್ತರಿಸಿ ಮಾಡಿದ ಚೀಟಿಗಳೂ ಆದೀತು. ಚೀಟಿಯ ಒಂದು ಮಗ್ಗುಲಲ್ಲಿ ವಾಕ್ಯವನ್ನು ಬರೆದು ಪದದ ಜಾಗವನ್ನು ಖಾಲಿ ಬಿಡಬೇಕು, ಇನ್ನೊಂದು ಮಗ್ಗುಲಲ್ಲಿ ಪದವಿರಬೇಕು. ಓದಿಕೊಂಡು ಹೋಗುವುದು ಅಭ್ಯಾಸವಲ್ಲ, ಮುಚ್ಚಿಟ್ಟು ನೆನೆಯುವುದೇ ಅಭ್ಯಾಸ.

ಪರ್ಯಾಯಪದಗಳನ್ನು ವರ್ಗವರ್ಗವಾಗಿ ಬಾಯಿಪಾಠ ಮಾಡಿಸುವ ಅಮರಕೋಶದ ಪರಂಪರೆ ನಮ್ಮಲ್ಲಿದೆ. ಅಲ್ಲಿ ಛಂದಸ್ಸು ನೆನಪಿಗೆ ಆಸರೆಯಾಗುತ್ತದೆ. ಛಂದಸ್ಸಿಲ್ಲದ ಇಂಗ್ಲಿಷ್ ಪಟ್ಟಿಗಳಿಗೆ ಆ ವಿಧಾನ ಹೊಂದುವುದಿಲ್ಲ. ಅರ್ಥದಲ್ಲಿ ಹತ್ತಿರವಿರುವ ಹೊಸ ಪದಗಳನ್ನು ಒಟ್ಟಿಗೆ ಕಲಿತರೆ ಅವು ಒಂದಕ್ಕೊಂದು ಕಲಸಿಹೋಗಿ ಕಲಿಕೆ ನಿಧಾನವಾಗುತ್ತದೆಂದು 1990ರ ದಶಕದಲ್ಲಿ ಟಿಂಕಮ್ ಮತ್ತು ವೇರಿಂಗ್ ಎಂಬ ಸಂಶೋಧಕರ ಪ್ರಯೋಗಗಳು ತೋರಿಸಿದವು. ‘ಇನ್ಕ್ರೀಸ್’ಗೆ ಹತ್ತು ಪರ್ಯಾಯಗಳನ್ನು ಒಂದೇ ಸಂಜೆ ಕಲಿಸುವ ತರಬೇತಿ ತರಗತಿಗಳು ಇದನ್ನು ಗಮನಿಸುವುದು ಅಪೇಕ್ಷಣೀಯ.

ನಿಘಂಟುಗಳು

ಅರ್ಥಗ್ರಹಣಕ್ಕೆ ಇಂಗ್ಲಿಷ್-ಕನ್ನಡ ನಿಘಂಟು ಅತ್ಯುಪಯುಕ್ತ. ಮೈಸೂರು ವಿಶ್ವವಿದ್ಯಾನಿಲಯದ ಇಂಗ್ಲಿಷ್-ಕನ್ನಡ ನಿಘಂಟು 1946ರಲ್ಲಿ ಮೊದಲು ಪ್ರಕಟವಾಗಿ ಹಲವು ತಲೆಮಾರುಗಳಿಗೆ ನೆರವಾಗಿದೆ. ಪ್ರಯೋಗವನ್ನು ಅರಿಯಲು ಮಾತ್ರ ಕಲಿಯುವವರಿಗಾಗಿಯೇ ರಚಿತವಾದ ಇಂಗ್ಲಿಷ್-ಇಂಗ್ಲಿಷ್ ನಿಘಂಟು ಬೇಕು. ಇವುಗಳಲ್ಲಿ ಪ್ರಸಿದ್ಧವಾದ ಆಕ್ಸ್‌ಫರ್ಡ್ ಅಡ್ವಾನ್ಸ್ಡ್ ಲರ್ನರ್ಸ್ ಡಿಕ್ಷನರಿಯ ಮೂಲರೂಪವನ್ನು ಎ. ಎಸ್. ಹಾರ್ನ್‌ಬಿ ಮತ್ತು ಸಂಗಡಿಗರು ಜಪಾನಿನಲ್ಲಿ ಸಿದ್ಧಪಡಿಸಿದರು. ಅದು 1942ರಲ್ಲಿ ಟೋಕಿಯೊದಲ್ಲಿ ಅಚ್ಚಾಯಿತು. ಇಂಥ ನಿಘಂಟುಗಳಲ್ಲಿ ಅರ್ಥವಿವರಣೆ ಸೀಮಿತ ಸರಳ ಪದಗಳಲ್ಲಿಯೇ ಇರುತ್ತದೆ. ಪದದ ಸಾಂಗತ್ಯ, ವಿಭಕ್ತಿಸೂಚಕ ಅವ್ಯಯ, ಉದಾಹರಣೆಯ ವಾಕ್ಯಗಳೂ ಇರುತ್ತವೆ. ‘ಡಿಪೆಂಡ್’ ನಂತರ ‘ಆನ್’ ಬರಬೇಕೆಂಬುದನ್ನು ‘ಅವಲಂಬಿಸು’ ಎಂಬ ಒಂದು ಪದದ ಅರ್ಥ ತಿಳಿಸಲಾರದು.

ಸಿದ್ಧತೆಯ ಅವಧಿ

ದಿನಕ್ಕೆ ಐದರಂತೆ ಕಲಿತರೆ ಕಾಕ್ಸ್‌ಹೆಡ್ ಅವರ 570 ಪದಕುಟುಂಬಗಳನ್ನು ಮುಗಿಸಲು 114 ದಿನಗಳು ಬೇಕು. ಪುನರಾವರ್ತನೆಯ ದಿನಗಳನ್ನು ಸೇರಿಸಿದರೆ ಐದು ತಿಂಗಳು. ವೆಸ್ಟ್‌ನ 2,000 ಪದಗಳಲ್ಲಿಯೇ ಕೊರತೆಯಿರುವವರು ಮೊದಲು ಅದನ್ನು ತುಂಬಿಕೊಳ್ಳಬೇಕು. ಆರು ವಾರಗಳ ತರಬೇತಿ ಪರೀಕ್ಷೆಯ ವಿನ್ಯಾಸವನ್ನು ಕಲಿಸಬಲ್ಲದೇ ಹೊರತು ಸಾವಿರಾರು ಪದಗಳ ಅಂತರವನ್ನು ಮುಚ್ಚಲಾರದು. ಪರೀಕ್ಷೆಯ ಶುಲ್ಕ ಮಧ್ಯಮವರ್ಗದ ಕುಟುಂಬಕ್ಕೂ ಹಗುರವಲ್ಲ. ಫಲಿತಾಂಶವನ್ನು ಸಾಮಾನ್ಯವಾಗಿ ಎರಡು ವರ್ಷಗಳವರೆಗೆ ಮಾತ್ರ ಮಾನ್ಯವೆಂದು ಪರಿಗಣಿಸಲಾಗುತ್ತದೆ. ನೋಂದಣಿಗೆ ಮೊದಲು ತಮ್ಮ ಮಟ್ಟವನ್ನು ಅಳೆದುಕೊಳ್ಳಬಯಸುವವರಿಗೆ ಮಾದರಿ ಪ್ರಶ್ನೆಪತ್ರಿಕೆಗಳು ಪರೀಕ್ಷೆಯ ಅಧಿಕೃತ ಜಾಲತಾಣಗಳಲ್ಲಿ ಉಚಿತವಾಗಿ ದೊರೆಯುತ್ತವೆ.